ಸಹಿಯೂ ಒಂದು ಕರ್ಮ

ಭದ್ರಾವತಿಯ ಜನ್ನಾಪುರದಲ್ಲಿ ನೆಲೆಸಿರುವ ವೃದ್ಧ ಶ್ರಾವಕರೊಬ್ಬರ ಮನೆಯಲ್ಲಿ ಇಂದಿಗೂ ಬಾವಿಯ ನೀರನ್ನು ಎರಡು ಮಡಿಕೆಯ ದಟ್ಟ ಬಟ್ಟೆಯಲ್ಲಿ ಸೋಸಿಯೇ ಬಳಸುತ್ತಾರೆ. ಸೋಸಿದ ಬಳಿಕ ಬಟ್ಟೆಯನ್ನು ಹಿಂಡುವುದಿಲ್ಲ. ಸೋಸಿದ ನೀರಿನಿಂದಲೇ ಅದನ್ನು ಮೆಲ್ಲನೆ ತೊಳೆದು, ಅದರಲ್ಲಿ ಉಳಿದ ಜೀವಿಗಳನ್ನು ನೀರು ಸೇದಿದ ಬಾವಿಗೇ ಮರಳಿ ಬಿಡುತ್ತಾರೆ. ಪಡೆದಲ್ಲಿಗೆ, ನೋವಾಗದಂತೆ ಹಿಂದಿರುಗಿಸಬೇಕೆಂಬುದು ಈ ಆಚಾರದ ತಿರುಳು. ಈ ವಿವೇಕವು ಕಾರ್ಖಾನೆಯ ಬಾಗಿಲ ಹೊರಗೇ ಏಕೆ ಉಳಿದುಬಿಡುತ್ತದೆ ಎಂಬ ಪ್ರಶ್ನೆ ಆ ಹಿರಿಯರನ್ನು ಬಹುಕಾಲದಿಂದ ಕಾಡುತ್ತಿದೆ.

ಭದ್ರಾವತಿ ಕಾರ್ಖಾನೆಗಳಿಂದಲೇ ಬೆಳೆದ ಊರು. 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯು, ಕಲ್ಲಿದ್ದಲು ದೊರೆಯದ ಈ ನಾಡಿನಲ್ಲಿ, ಮಲೆನಾಡಿನ ಮರದಿಂದ ಪಡೆದ ಇದ್ದಿಲಿನಲ್ಲಿ ಅದಿರನ್ನು ಕರಗಿಸಿತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್ ಬಿದಿರು ಮತ್ತು ಮರಗಳಿಂದ ಕಾಗದ ತಯಾರಿಸಿತು. ಪಂಡಿತ ಆಶಾಧರರ ‘ಸಾಗಾರಧರ್ಮಾಮೃತ’ದಲ್ಲಿಯೂ ಪ್ರಸ್ತಾಪವಾಗಿರುವ ಹದಿನೈದು ಖರಕರ್ಮಗಳಲ್ಲಿ ಕಾಡು ಕಡಿದು ಜೀವಿಸುವುದೂ ಇದ್ದಿಲು ಸುಡುವುದೂ ಸೇರಿವೆ. ಆದರೆ ಇವೇ ಕಾರ್ಖಾನೆಗಳು ಸಾವಿರಾರು ಮನೆಗಳ ಒಲೆ ಉರಿಸಿದವು, ಮಕ್ಕಳಿಗೆ ವಿದ್ಯೆ ಕೊಟ್ಟವು ಎಂಬುದನ್ನು ಮರೆಯುವಂತಿಲ್ಲ. ಗೃಹಸ್ಥನಿಗೆ ಉದ್ಯಮದ ಹಿಂಸೆ ಪೂರ್ಣವಾಗಿ ತಪ್ಪದೆಂಬುದನ್ನು ನಮ್ಮ ಶಾಸ್ತ್ರಕಾರರು ಬಲ್ಲರು. ಅದಕ್ಕೆ ಮಿತಿಯಿರಲಿ, ಎಚ್ಚರವಿರಲಿ ಎಂಬುದೇ ಅಣುವ್ರತದ ಅಪೇಕ್ಷೆ.

ಈ ಹಿರಿಯರು ದುಡಿದದ್ದು ದೂರದ ಊರೊಂದರ ಕಾರ್ಖಾನೆಯ ಪ್ರಯೋಗಾಲಯದಲ್ಲಿ. ಹೊರಹೋಗುವ ಕೊಳೆನೀರನ್ನು ಪರೀಕ್ಷಿಸಿ ವರದಿಗೆ ಸಹಿ ಹಾಕುವುದು ಅವರ ಕೆಲಸವಾಗಿತ್ತು. ಒಮ್ಮೆ ಶುದ್ಧೀಕರಣ ಘಟಕ ಕೆಟ್ಟಿತು. ದುರಸ್ತಿಗಾಗಿ ಉತ್ಪಾದನೆ ನಿಲ್ಲಿಸಿದರೆ ನಷ್ಟವೆಂದು ಮೇಲಿನವರು ಒಪ್ಪಲಿಲ್ಲ. ವಾರದ ರಜೆಯ ದಿನ, ಯಂತ್ರಗಳು ನಿಂತಿದ್ದಾಗ ತುಂಬಿಸಿದ ತಿಳಿನೀರಿನ ಶೀಸೆ ಅವರ ಮೇಜಿಗೆ ಬಂದಿತು. ಅಂಕಿಗಳು ಸುಳ್ಳಲ್ಲ, ಶೀಸೆಯೇ ಸುಳ್ಳು. ಮನೆಯಲ್ಲಿ ಮೂರು ಮಕ್ಕಳಿದ್ದರು. ಅವರು ಸಹಿ ಹಾಕಿದರು. ಅಂದು ಸಂಜೆಯೂ ಮನೆಯಲ್ಲಿ ಎಂದಿನಂತೆ ನೀರು ಸೋಸಿದರು. ಕೈ ನಡುಗಿತು.

ಆ ದೋಷ ಯಾರದು? ಅಧಿಕಾರಿ ಆಡಳಿತ ಮಂಡಳಿಯನ್ನು ತೋರಿಸಿದರು, ಮಂಡಳಿ ಷೇರುದಾರರ ಲಾಭವನ್ನು ತೋರಿಸಿತು. ಹಂಚಿಕೊಂಡಷ್ಟೂ ಪಾಪ ಕರಗುತ್ತದೆಂಬ ಭ್ರಮೆ ಎಲ್ಲ ದೊಡ್ಡ ಸಂಸ್ಥೆಗಳಲ್ಲಿಯೂ ಉಂಟು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಈ ಭ್ರಮೆಗೆ ಎಡೆಗೊಡುವುದಿಲ್ಲ. ಸಂಕಲ್ಪಿಸುವ ಸಂರಂಭ, ಸಾಧನ ಕೂಡಿಸುವ ಸಮಾರಂಭ, ಕಾರ್ಯಕ್ಕಿಳಿಯುವ ಆರಂಭ ಎಂದು ಮೂರು. ಮನ, ವಚನ, ಕಾಯಗಳೆಂದು ಮೂರು. ಕೃತ, ಕಾರಿತ, ಅನುಮತ ಎಂದು ಮೂರು. ಕ್ರೋಧ, ಮಾನ, ಮಾಯೆ, ಲೋಭವೆಂಬ ಕಷಾಯಗಳು ನಾಲ್ಕು. ಗುಣಿಸಿದರೆ 108. ಕೊಳೆನೀರಿನ ಕವಾಟ ತಿರುಗಿಸಿದ ಕಾರ್ಮಿಕ ಮಾಡಿದವನು, ಆಜ್ಞೆಯಿತ್ತವನು ಮಾಡಿಸಿದವನು, ತಿಳಿದೂ ಲಾಭಾಂಶ ಪಡೆದು ಸುಮ್ಮನಿದ್ದವನು ಅನುಮೋದಿಸಿದವನು. ಕರ್ಮವು ಪ್ರತಿಯೊಬ್ಬನಿಗೂ ಅವನವನ ಭಾವಕ್ಕೆ ತಕ್ಕಂತೆ ಅಂಟುತ್ತದೆ. ಅಲ್ಲಿ ಪಾಲುಗಾರಿಕೆಯಿಲ್ಲ.

ಇಂದಿನ ಕಾನೂನೂ ಇದೇ ದಿಕ್ಕಿನಲ್ಲಿ ನಡೆದಿದೆ. 1974ರ ಜಲಮಾಲಿನ್ಯ ನಿಯಂತ್ರಣ ಕಾಯ್ದೆಯು ಕಂಪನಿಯೊಡನೆ ಅದರ ಹೊಣೆಹೊತ್ತ ವ್ಯಕ್ತಿಗಳನ್ನೂ ಗುರಿಮಾಡಿತು. 2013ರ ಕಂಪನಿ ಕಾಯ್ದೆಯ 166ನೆಯ ಕಲಮು ಪರಿಸರ ರಕ್ಷಣೆಯನ್ನು ನಿರ್ದೇಶಕರ ಕರ್ತವ್ಯಗಳಲ್ಲಿ ಸೇರಿಸಿತು. ಆದರೆ ಕಾನೂನು ಶೀಸೆಯನ್ನು ನೋಡಬಲ್ಲದು, ಅದನ್ನು ತುಂಬಿಸಿದ ಮನಸ್ಸನ್ನಲ್ಲ. ಆದುದರಿಂದ ವ್ಯವಸ್ಥೆ ಒಳಗಿನಿಂದಲೇ ಆಗಬೇಕು. ನೀರು ಪರೀಕ್ಷಿಸುವವನು ಉತ್ಪಾದನೆಯ ಅಧಿಕಾರಿಗೆ ಅಧೀನನಾಗಿರಬಾರದು. ಅವನ ವರದಿ ನೇರವಾಗಿ ಆಡಳಿತ ಮಂಡಳಿಯ ಮುಂದೆ ಬರಬೇಕು. ಘಟಕ ಕೆಟ್ಟರೆ ಯಂತ್ರ ನಿಲ್ಲಿಸುವ ಅಧಿಕಾರ ಅವನಿಗಿರಬೇಕು. ನಿಜ ಹೇಳಿದವನ ಅನ್ನಕ್ಕೆ ಕುಂದು ಬರಬಾರದು. ಮುನಿಗಳು ತಮ್ಮ ಮಲಮೂತ್ರವನ್ನೂ ಜೀವರಹಿತವಾದ ಸ್ಥಳ ನೋಡಿ ವಿಸರ್ಜಿಸುವ ಉತ್ಸರ್ಗ ಸಮಿತಿಯನ್ನು ಪಾಲಿಸುತ್ತಾರೆ. ಕಾರ್ಖಾನೆಗೂ ಅಂತಹ ಸಮಿತಿಯೊಂದು ಬೇಡವೇ?

ಹೊಣೆಯು ಯಂತ್ರದೊಡನೆ ನಿಲ್ಲುವುದೂ ಇಲ್ಲ. ಪೇಪರ್ ಮಿಲ್ಸಿನ ಉತ್ಪಾದನೆ 2015ರಲ್ಲಿ ನಿಂತಿತು. ಅದಕ್ಕಾಗಿ ಮಲೆನಾಡಿನಲ್ಲಿ ಬೆಳೆಸಿದ್ದ ಅಕೇಶಿಯಾ, ನೀಲಗಿರಿ ನೆಡುತೋಪುಗಳ ಪ್ರಶ್ನೆ ನಿಲ್ಲಲಿಲ್ಲ. ಆ ಭೂಮಿಯ ಗುತ್ತಿಗೆಯನ್ನು ಸರ್ಕಾರ 2020ರಲ್ಲಿ ಮುಂದುವರಿಸಿದಾಗ, ನಮ್ಮೂರಿಗೆ ಈ ಮರಗಳು ಬೇಡವೆಂದು ಮಲೆನಾಡಿನ ಜನ ಚಳವಳಿ ಹೂಡಿದರು. ತಲೆಮಾರಿನ ಹಿಂದೆ ಮಾಡಿದ ಸಂರಂಭದ ಫಲವನ್ನು ಮೊಮ್ಮಕ್ಕಳು ಉಣ್ಣುತ್ತಾರೆ.

ಈಚೆಗೆ ಆ ಹಿರಿಯರ ಮೊಮ್ಮಗನಿಗೆ ಕಾರ್ಖಾನೆಯೊಂದರ ಪರಿಸರ ವಿಭಾಗದಲ್ಲಿ ಕೆಲಸ ದೊರೆಯಿತು. ಆಶೀರ್ವಾದ ಬೇಡಲು ಬಂದವನಿಗೆ ಅವರು ಯಾರಿಗೂ ಹೇಳದಿದ್ದ ಆ ಶೀಸೆಯ ಕಥೆಯನ್ನು ಹೇಳಿದರು.

“ಅಜ್ಜಾ, ನೀವು ಸಹಿ ಹಾಕದಿದ್ದರೆ ಬೇರೊಬ್ಬರು ಹಾಕುತ್ತಿದ್ದರಲ್ಲ?” ಎಂದನವನು.

“ಹೌದಪ್ಪ, ಹಾಕುತ್ತಿದ್ದರು. ಆದರೆ ಹಾಕಿದ್ದು ನಾನು” ಎಂದರು.

ಪ್ರತಿದಿನ ಪ್ರತಿಕ್ರಮಣದಲ್ಲಿ ಅವರು ಆ ದೋಷವನ್ನು ನೆನೆದು ಕ್ಷಮೆ ಯಾಚಿಸುತ್ತಾರೆ. ಆದರೆ ಅರಿಯದ ಮೀನುಗಳನ್ನೂ ನದಿಯ ಕೆಳಗಿನ ಊರಿನವರನ್ನೂ ಕಾಣುವ ಬಗೆ ಅವರಿಗೆ ತಿಳಿಯದು. ಆಲೋಚನೆ, ಸಭೆ, ಸಹಿ ಎಂಬ ಹಂತಗಳಲ್ಲಿಯೇ ಎಚ್ಚೆತ್ತರೆ ಇಂತಹ ಕ್ಷಮಾಯಾಚನೆಯ ಪ್ರಸಂಗವೇ ಒದಗದು. ಉದ್ಯಮಿಗಳಾಗಿರುವ, ಉದ್ಯೋಗಿಗಳಾಗಿರುವ ನಮ್ಮ ಶ್ರಾವಕ ಬಂಧುಗಳು ಇದನ್ನು ಮನಗಾಣಲಿ.