ಹನ್ನೊಂದು ಮಿಲಿಮೀಟರ್ ರಬ್ಬರು

ಕಾರು ಮನೆಗೆ ಬರುವ ದಿನಕ್ಕಿಂತ, ಯಾವುದೆಂದು ಇನ್ನೂ ತೀರ್ಮಾನವಾಗಿರದ ವಾರಗಳೇ ನನಗೆ ಪ್ರಿಯ. ಪೀಣ್ಯ ಎರಡನೇ ಹಂತದ ನಮ್ಮ ಶೆಡ್ಡಿನಲ್ಲಿ ಸಂಜೆ ಕೊನೆಯ ಮಷಿನ್ ನಿಂತ ಮೇಲೆ ಕೈ ತೊಳೆದು, ಜಾಬ್ ಕಾರ್ಡುಗಳನ್ನು ಬದಿಗೆ ಸರಿಸಿ, ಎರಡು ಬ್ರೋಷರುಗಳನ್ನು ಅಕ್ಕಪಕ್ಕ ಬಿಡಿಸಿಟ್ಟುಕೊಂಡು ಕೂರುತ್ತಿದ್ದೆ. ಹೊರಗೆ ತುಮಕೂರು ರಸ್ತೆಯ ಲಾರಿಗಳ ಸದ್ದು, ಒಳಗೆ ಕಟಿಂಗ್ ಆಯಿಲಿನ ವಾಸನೆ. 2024ರ ಬೇಸಿಗೆ ಪೂರ್ತಿ ಹೀಗೇ ಕಳೆಯಿತು. ಅಷ್ಟು ಹಿತವಾದ ಬೇಸಿಗೆ ಬಹಳ ವರ್ಷಗಳಿಂದ ಬಂದಿರಲಿಲ್ಲ.

ಕಾರು ಒಂದೇ, ಹ್ಯುಂಡೈ ಕ್ರೆಟಾ. ನಾನು ನೋಡುತ್ತಿದ್ದ ಎಂಜಿನ್ನೂ ಒಂದೇ: 1.5 ಲೀಟರಿನ ಟರ್ಬೊ ಪೆಟ್ರೋಲ್, 160 ಪಿಎಸ್ ಶಕ್ತಿ, 253 ನ್ಯೂಟನ್ ಮೀಟರ್ ಟಾರ್ಕ್. ಬೇರೆಯಿದ್ದದ್ದು ಅದು ತೊಟ್ಟ ಉಡುಪು. ಜನವರಿಯಲ್ಲಿ ಬಂದ ಮಾಮೂಲಿ ಟಾಪ್ ಎಂಡ್‌ನ ಒಳಗೆಲ್ಲ ತಿಳಿ ಬೂದು ಬಣ್ಣ; ಮನೆಯ ಹಜಾರಕ್ಕೆ ಬೆಳಗಿನ ಬಿಸಿಲು ಬಿದ್ದ ಹಾಗೆ. ಮಾರ್ಚ್‌ನಲ್ಲಿ ಬಂದ ಎನ್ ಲೈನಿನ ಒಳಗೆ ಕಡುಕಪ್ಪು, ಅಂಚಿನಲ್ಲಿ ಕೆಂಪು ದಾರದ ಹೊಲಿಗೆ, ಹಿಂಬದಿಯಲ್ಲಿ ಸೈಲೆನ್ಸರಿನ ಜೋಡಿ ಬಾಯಿ, ಸ್ವಲ್ಪ ಬಿಗಿ ಸಸ್ಪೆನ್ಷನ್, ಸ್ವಲ್ಪ ಭಾರದ ಸ್ಟಿಯರಿಂಗ್. ಆ ‘ಎನ್’ ಅಕ್ಷರಕ್ಕೆ ಎರಡು ಜಾಗಗಳ ಹೆಸರಿದೆ: ಕೊರಿಯಾದಲ್ಲಿ ಕಂಪನಿಯ ಸಂಶೋಧನಾ ಕೇಂದ್ರವಿರುವ ನಮ್‌ಯಾಂಗ್, ಕಾರುಗಳ ಮೈ ಪರೀಕ್ಷಿಸುವ ಜರ್ಮನಿಯ ನೂರ್ಬರ್ಗ್‌ರಿಂಗ್. ಪೂರ್ಣ ಪ್ರಮಾಣದ ‘ಎನ್’ ಕಾರುಗಳು ಬೇರೆಯೇ ಇವೆ. ‘ಎನ್ ಲೈನ್’ ಅಂದರೆ ಆ ಮನೆತನದ ಗಾಳಿ ಸೋಕಿದ ಕಾರು.

ಒಂದೇ ಕಾರಿಗೆ ‘ಸುಖ’ ಮತ್ತು ‘ಓಟ’ ಎಂಬ ಎರಡು ಮುಖ ಕೊಡುವುದು ಹಲವು ಕಂಪನಿಗಳ ಪದ್ಧತಿ. 2019ರಲ್ಲಿ ಬಿಎಂಡಬ್ಲ್ಯು 3 ಸೀರೀಸ್ ಭಾರತಕ್ಕೆ ಹೊಸದಾಗಿ ಬಂದಾಗ ಅದರ ಡೀಸೆಲ್ ಕಾರಿಗೆ ‘ಸ್ಪೋರ್ಟ್’, ‘ಲಗ್ಶುರಿ ಲೈನ್’ ಎಂದೇ ಹೆಸರಿಟ್ಟಿದ್ದರು. ನಮ್ಮ ಹೊಸಕೋಟೆಯಲ್ಲಿ 2017ರಿಂದ ಜೋಡಣೆಯಾಗುತ್ತಿರುವ ವೋಲ್ವೊ ಕಾರುಗಳಲ್ಲಿ ಮೊದಲು ‘ಇನ್‌ಸ್ಕ್ರಿಪ್ಷನ್’ ಎಂದರೆ ಸುಖ, ‘ಆರ್ ಡಿಸೈನ್’ ಎಂದರೆ ಓಟ ಎಂದಿತ್ತು. ಬಿಡದಿಯ ಇನ್ನೋವಾಗೆ ಕೂಡ 2017ರಲ್ಲೇ ‘ಟೂರಿಂಗ್ ಸ್ಪೋರ್ಟ್’ ಎಂಬ ಕಪ್ಪು-ಕೆಂಪು ಅಂಗಿ ತೊಡಿಸಿದ್ದರು. ಮದುವೆ ದಿಬ್ಬಣ ಹೊತ್ತೊಯ್ಯುವ ಗಾಡಿಗೆ ಓಟಗಾರನ ಅಂಗಿ! ನನಗಂತೂ ಅದು ಬಹಳ ಚೆನ್ನಾಗಿ ಕಂಡಿತ್ತು.

ಅಪ್ಪನ ಕಾಲದಲ್ಲಿ ಈ ಪ್ಯಾಕೇಜುಗಳು ಕಾರ್ಖಾನೆಯಿಂದ ಬರುತ್ತಿರಲಿಲ್ಲ, ಜೆ.ಸಿ. ರಸ್ತೆಯಿಂದ ಬರುತ್ತಿದ್ದವು. ಅಪ್ಪ ಜಾಲಹಳ್ಳಿಯ ಎಚ್‌ಎಂಟಿಯಲ್ಲಿದ್ದರು. ಸೆಕೆಂಡ್ ಹ್ಯಾಂಡ್ ಫಿಯಟ್ ಕೊಂಡ ವಾರವೇ ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೋದರು. ಸೀಟು ಹೊಲಿಯುವವರು ಟೇಪು ಹಿಡಿದು, ಜುಬ್ಬಾಕ್ಕೆ ಅಳತೆ ತೆಗೆಯುವಂತೆ ಸೀಟಿನ ಬೆನ್ನು, ತೊಡೆ, ಅಂಚು ಅಳೆದರು. ಮರೂನ್ ರೆಕ್ಸಿನ್, ಬಿಳಿ ಪೈಪಿಂಗ್, ಹಿಂದಿನ ಗಾಜಿಗೆ ಪರದೆ, ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಫ್ಯಾನು. ಅದು ನಮ್ಮ ಮನೆಯ ಲಗ್ಶುರಿ ಪ್ಯಾಕೇಜು. ಹೊಲಿಗೆ ನೇರ ಬಂದಿದೆಯೇ ಎಂದು ಅಪ್ಪ ಹೆಬ್ಬೆರಳಿನಿಂದ ಉದ್ದಕ್ಕೂ ಸವರಿ ನೋಡಿದ್ದು ಇನ್ನೂ ಕಣ್ಣಲ್ಲಿದೆ. ಈಗ ಶೋರೂಮಿನಲ್ಲಿ ಕೆಂಪು ದಾರ ಕಂಡ ಕೂಡಲೇ ನನ್ನ ಹೆಬ್ಬೆರಳೂ ಅಲ್ಲಿಗೇ ಹೋಗುತ್ತದೆ.

ಬ್ರೋಷರ್ ಓದುವುದಕ್ಕೂ ಒಂದು ಕ್ರಮವಿದೆ. ಹೆಚ್ಚಿನವರು ಮೊದಲ ಪುಟದ ಚಿತ್ರದಿಂದ ಶುರು ಮಾಡುತ್ತಾರೆ. ನಾನು ಕೊನೆಯ ಪುಟದ ಸಣ್ಣ ಅಕ್ಷರಗಳಿಂದ. ಅಲ್ಲಿಯೂ ಮೊದಲು ಟೈರು. ಬೂದು ಕಾರಿನದು 215/60 ಆರ್17. ಕಪ್ಪು ಕಾರಿನದು 215/55 ಆರ್18. ಇದನ್ನು ಬಿಡಿಸಿ ನೋಡುವುದು ನನಗೆ ಪದಬಂಧ ತುಂಬಿದಷ್ಟು ಖುಷಿ. ಎರಡರ ಅಗಲವೂ 215 ಮಿಲಿಮೀಟರ್. ಮೊದಲನೆಯದರ ಪಕ್ಕೆಗೋಡೆ ಆ ಅಗಲದ ಶೇ 60, ಅಂದರೆ 129 ಮಿ.ಮೀ. ಎರಡನೆಯದರದು ಶೇ 55, ಅಂದರೆ ಸುಮಾರು 118. ಒಳಗಿನ ಲೋಹದ ಚಕ್ರ 17 ಅಂಗುಲದಿಂದ 18ಕ್ಕೆ ಬೆಳೆದಿದೆ. ಎಲ್ಲವನ್ನೂ ಕೂಡಿಸಿದರೆ ಚಕ್ರದ ಒಟ್ಟು ಎತ್ತರ ಒಂದರಲ್ಲಿ 690, ಇನ್ನೊಂದರಲ್ಲಿ 694 ಮಿ.ಮೀ. ನಾಲ್ಕೇ ಮಿಲಿಮೀಟರ್ ವ್ಯತ್ಯಾಸ! ಹೊರಗಿನಿಂದ ನೋಡಿದವರಿಗೆ ಚಕ್ರ ಅಷ್ಟೇ ದೊಡ್ಡದು. ಒಳಗೆ ಮಾತ್ರ ರಬ್ಬರು ಹನ್ನೊಂದು ಮಿಲಿಮೀಟರ್ ಹಿಂದೆ ಸರಿದು ಲೋಹಕ್ಕೆ ಜಾಗ ಬಿಟ್ಟುಕೊಟ್ಟಿದೆ.

ನಮ್ಮ ಶೆಡ್ಡಿನಲ್ಲಿ ಹನ್ನೊಂದು ಮಿಲಿಮೀಟರ್ ಎಂದರೆ ಒಂದು ಲೋಕ. ಕೂದಲೆಳೆಗಿಂತ ಕಡಿಮೆ ವ್ಯತ್ಯಾಸಕ್ಕೆ ಬುಶ್ ವಾಪಸು ಬಂದಿರುವುದುಂಟು. ಆ ಹನ್ನೊಂದು ಮಿಲಿಮೀಟರಿನಲ್ಲೇ ಓಟ ಮತ್ತು ಸುಖದ ಅರ್ಧ ವ್ಯಾಜ್ಯವಿದೆ. ರಬ್ಬರಿನ ಗೋಡೆ ಎತ್ತರವಿದ್ದರೆ ಗುಂಡಿಯ ಪೆಟ್ಟನ್ನು ಅದು ಮೊದಲು ಕುಡಿದು, ಮಿಕ್ಕಿದ್ದನ್ನು ಸ್ಪ್ರಿಂಗಿಗೆ ದಾಟಿಸುತ್ತದೆ. ಗೋಡೆ ಗಿಡ್ಡವಾದರೆ ತಿರುವಿನಲ್ಲಿ ಟೈರು ಪಕ್ಕಕ್ಕೆ ಬಳುಕುವುದು ಕಡಿಮೆ, ಸ್ಟಿಯರಿಂಗ್ ಹೇಳಿದ ಕೂಡಲೇ ಮೂತಿ ತಿರುಗುತ್ತದೆ. ರಸ್ತೆ ಎಷ್ಟರ ಮಟ್ಟಿಗೆ ಕಾರಿನೊಳಗೆ ಬರಬೇಕು ಎಂಬುದಷ್ಟೇ ಪ್ರಶ್ನೆ. ಲಗ್ಶುರಿ ಅದನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತದೆ; ಸ್ಪೋರ್ಟ್ ಒಳಗೆ ಕರೆದು ಕೂರಿಸುತ್ತದೆ.

ಪೀಣ್ಯದ ರಸ್ತೆಯನ್ನು ಒಳಗೆ ಕರೆಯುವುದು ದೊಡ್ಡ ಮಾತು. 2021ರ ಡಿಸೆಂಬರಿನಲ್ಲಿ ಇಲ್ಲಿನ ಮೇಲ್ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡ ಮೇಲೆ ಭಾರಿ ವಾಹನಗಳೆಲ್ಲ ಕೆಳಗಿನ ರಸ್ತೆಗೇ ಇಳಿದವು. ಅದಕ್ಕೇ ನಾನು ಶೋರೂಮಿನ ಹುಡುಗನಿಗೆ, “ನಿಮ್ಮ ದಾರಿ ಬೇಡಪ್ಪ, ನನ್ನ ದಾರಿಗೆ ಬನ್ನಿ” ಅಂದೆ. ಎರಡು ಭಾನುವಾರ, ಬೆಳಿಗ್ಗೆ ಆರೂವರೆ, ಎರಡೂ ಸಲ ಅದೇ ದಾರಿ: ಶೆಡ್ಡಿನ ಗಲ್ಲಿಯಿಂದ ಎಂಟನೇ ಮೈಲಿ, ನಾಗಸಂದ್ರ, ಮಾದಾವರದಲ್ಲಿ ನೈಸ್ ರಸ್ತೆ ಹತ್ತಿ ಮಾಗಡಿ ರಸ್ತೆವರೆಗೆ, ವಾಪಸು. ಹೊರಡುವ ಮುಂಚೆ ನನ್ನದೇ ಗೇಜಿನಿಂದ ನಾಲ್ಕೂ ಟೈರಿನ ಗಾಳಿ ನೋಡಿ ಸಮ ಮಾಡಿಸಿದೆ. ಎರಡು ಕಾರಿನಲ್ಲಿ ಗಾಳಿ ಹೆಚ್ಚುಕಡಿಮೆಯಿದ್ದರೆ ಹೋಲಿಕೆಯೇ ಸುಳ್ಳಾಗುತ್ತದೆ. “ಯಾರೂ ಹೀಗೆ ಕೇಳಲ್ಲ ಸಾರ್” ಅಂದ ಹುಡುಗ, ಎರಡನೇ ಭಾನುವಾರ ತಾನೇ ಗೇಜು ತಂದಿದ್ದ.

ಬೂದು ಕಾರು ಗಲ್ಲಿಯ ಗುಂಡಿಗಳನ್ನು ಹಾಸಿಗೆಯ ಮೇಲೆ ಕಾಲಿಟ್ಟಂತೆ ದಾಟಿತು. ಅದರ ಡಿಸಿಟಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಯಾವಾಗ ಗೇರು ಬದಲಿಸಿತೆಂದೇ ತಿಳಿಯಲಿಲ್ಲ. ಕಪ್ಪು ಕಾರಿನಲ್ಲಿ ಅದೇ ಗುಂಡಿಗಳಿಗೆ ಒಂದೊಂದಕ್ಕೂ ಬೇರೆ ಬೇರೆ ಆಕಾರವಿದೆ ಎಂದು ಮೈಗೆ ತಿಳಿಯಿತು. ಆದರೆ ನೈಸ್ ರಸ್ತೆಯ ಉದ್ದ ತಿರುವಿನಲ್ಲಿ ಆ ಕಾರು ಹಳಿ ಹಿಡಿದಂತೆ ಸಾಗಿತು. ಒಮ್ಮೆ ತಿರುಗಿಸಿದ ಸ್ಟಿಯರಿಂಗನ್ನು ಮತ್ತೆ ತಿದ್ದಬೇಕಾಗಲಿಲ್ಲ. ಲೇತಿನಲ್ಲಿ ಟೂಲ್ ಸರಿಯಾಗಿ ಕೂತು ಚಿಪ್ಪು ಒಂದೇ ಸುರುಳಿಯಾಗಿ ಬಿಚ್ಚಿಕೊಳ್ಳುವಾಗ ಕೈಗೆ ಸಿಗುವ ನೆಮ್ಮದಿಯೇ ಅದು.

ತೂಕ ಕಪ್ಪಿನ ಕಡೆಗೆ ವಾಲಿದ್ದು ಮಾತ್ರ ಒಂದು ಸನ್ನೆಗೋಲಿನಿಂದ. ಈ ಟರ್ಬೊ ಎಂಜಿನ್ನಿಗೆ ಕೈಯಿಂದ ಹಾಕುವ ಆರು ಗೇರು ಬೇಕೆಂದರೆ ಎನ್ ಲೈನ್ ಒಂದೇ ದಾರಿ. ಬೂದು ಕಾರಿನಲ್ಲಿ ಇದೇ ಎಂಜಿನ್ ಜೊತೆ ಆಟೊಮ್ಯಾಟಿಕ್ ಮಾತ್ರ. ಎಚ್‌ಎಂಟಿ ಎನ್‌ಎಚ್ 22 ಲೇತಿನ ಹಿಡಿಗಳನ್ನು ಮೂವತ್ತು ವರ್ಷ ಎಳೆದ ಕೈ ಇದು. ಹಲ್ಲಿಗೆ ಹಲ್ಲು ಕೂತಾಗ ಹಿಡಿಯ ಮೂಲಕ ಅಂಗೈಗೆ ಬರುವ ‘ಟಕ್’ ಎಂಬ ಒಪ್ಪಿಗೆ ನನಗೆ ಬೇಕು. ಪೀಣ್ಯದಿಂದ ವೈಟ್‌ಫೀಲ್ಡಿಗೆ ದಿನಾ ತೆವಳುವ ಕಾಲವಾಗಿದ್ದರೆ ನಾನೇ ಆಟೊಮ್ಯಾಟಿಕ್ ಅನ್ನುತ್ತಿದ್ದೆ. ಮಗಳನ್ನು ಆಫೀಸಿಗೆ ಬಿಡುತ್ತಿದ್ದ ವರ್ಷಗಳಲ್ಲಿ ಎಡಗಾಲು ಪಟ್ಟ ಪಾಡು ನೆನಪಿದೆ. 2023ರ ಅಕ್ಟೋಬರಿನಲ್ಲಿ ಮೆಟ್ರೊ ನೇರಳೆ ಮಾರ್ಗ ವೈಟ್‌ಫೀಲ್ಡಿನವರೆಗೂ ಪೂರ್ತಿಯಾಯಿತು. ಅವಳು ನಾಗಸಂದ್ರದಲ್ಲಿ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಿಸಿ ಹೋಗುತ್ತಾಳೆ. ಕಾರಿಗೆ ಉಳಿದದ್ದು ವಾರಕ್ಕೊಮ್ಮೆ ನೈಸ್ ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆಯ ಗಿರಾಕಿಗಳ ಭೇಟಿ, ರಜೆಯಲ್ಲಿ ಊರು. ತುಮಕೂರು ರಸ್ತೆಯಿಂದ ಹೊಸೂರು ರಸ್ತೆಗೆ 41 ಕಿಲೋಮೀಟರ್. ಕ್ಲಚ್ಚಿಗೆ ಅದು ಶಿಕ್ಷೆಯಲ್ಲ, ಹಬ್ಬ.

ಹೆಂಡತಿ ಬಣ್ಣದ ವಿಷಯ ಒಂದೇ ಮಾತಿನಲ್ಲಿ ಮುಗಿಸಿದಳು: “ನಿಮ್ಮ ಕೈಯಲ್ಲಿ ಸಂಜೆ ಏನಿರತ್ತೆ ಅಂತ ಗೊತ್ತಲ್ರೀ, ಆ ಬೂದು ಸೀಟು ತಿಂಗಳು ತಡೆಯಲ್ಲ.” ಕಾಸ್ಟಿಂಗ್ ಧೂಳು ಎಷ್ಟು ಸೋಪು ಹಾಕಿದರೂ ಉಗುರಿನ ಸಂದಿಯಲ್ಲಿ ಉಳಿಯುತ್ತದೆ, ಅವಳ ಮಾತು ದಿಟ. ಹಣದ ಲೆಕ್ಕವನ್ನೂ ಕೂತು ಮಾಡಿದೆವು. ಕರ್ನಾಟಕದಲ್ಲಿ 10 ಲಕ್ಷದಿಂದ 20 ಲಕ್ಷದವರೆಗಿನ ಕಾರಿಗೆ ಆಜೀವ ತೆರಿಗೆ ಶೇ 17, ಅದರ ಮೇಲೆ ಸೆಸ್. ಕೆಂಪು ದಾರದ ಪ್ರತಿ ಹೊಲಿಗೆಗೂ ತೆರಿಗೆಯುಂಟು.

ಉಳಿದದ್ದು ಅಮ್ಮ. ಹಿಂದಿನ ವರ್ಷ ಮಂಡಿ ಆಪರೇಷನ್ ಆಗಿತ್ತು. ಎರಡೂ ಭಾನುವಾರ ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡೇ ಹೋಗಿದ್ದೆ, ಕನ್ನಡಿಯಲ್ಲಿ ಅವರ ಕೈ ಕಾಣುವ ಹಾಗೆ. ಬೂದು ಕಾರಿನಲ್ಲಿ ಆ ಕೈ ಮಡಿಲಿನಲ್ಲೇ ಇತ್ತು. ಕಪ್ಪು ಕಾರಿನಲ್ಲಿ ನಾಗಸಂದ್ರ ದಾಟುವಷ್ಟರಲ್ಲಿ ಮೂರು ಸಲ ಮೇಲಿನ ಹಿಡಿಕೆಗೆ ಹೋಯಿತು. “ಚೆನ್ನಾಗೇ ಇದೆ ಕಣೋ” ಅಂದರು. ಆ ಮೂರು ಸಲ ನನ್ನನ್ನು ಎರಡು ರಾತ್ರಿ ಕಾಡಿತು.

ಮೂರನೇ ರಾತ್ರಿ ಹೊಳೆಯಿತು. ಹಿಂದಿನ ಎರಡು ಚಕ್ರಗಳನ್ನು ಒಂದೇ ಅಡ್ಡ ತೊಲೆ ಜೋಡಿಸುತ್ತದೆ. ಹಿಂದಿನ ಸೀಟು ಇರುವುದು ಹೆಚ್ಚುಕಡಿಮೆ ಅದರ ನೆತ್ತಿಯ ಮೇಲೆ. ಮುಂದಿನ ಸೀಟು ಎರಡು ಆಕ್ಸಲ್‌ಗಳ ನಡುವೆ ಬರುತ್ತದೆ. ಉಯ್ಯಾಲೆ ಹಲಗೆಯ ತುದಿಗಿಂತ ನಡುವಿನಲ್ಲಿ ಕುಲುಕಾಟ ಕಡಿಮೆ. ಜಾಗ ಬದಲಿಸಿದರೆ ಆಯಿತು. ಆದರೆ ಅಮ್ಮ ಮುಂದೆ ಕೂತದ್ದನ್ನು ನಾನು ಕಂಡೇ ಇರಲಿಲ್ಲ. ಅಪ್ಪನ ಫಿಯಟ್ಟಿನಲ್ಲಿ ಆ ಸೀಟು ದೊಡ್ಡಪ್ಪನಿಗೆ, ಬೀಗರಿಗೆ, ಆಮೇಲೆ ಬೆಳೆದ ನನಗೆ. ಅಮ್ಮ ಯಾವಾಗಲೂ ಹಿಂದೆ, ತೊಡೆಯ ಮೇಲೆ ತಂಗಿ, ಕಾಲ ಬಳಿ ಬುತ್ತಿ.

ಮತ್ತೊಂದು ಭಾನುವಾರಕ್ಕೆ ಕಪ್ಪು ಕಾರನ್ನೇ ಕೇಳಿದೆ, ಶೋರೂಮಿನ ಹುಡುಗ ಇಲ್ಲವೆನ್ನಲಿಲ್ಲ. ಅಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಕೂತರು, ಕಾಲು ಚಾಚಿದರು. ಗಲ್ಲಿಯ ಗುಂಡಿ, ಎಂಟನೇ ಮೈಲಿಯ ಹಂಪು, ನಾಗಸಂದ್ರ. ಕೈ ಮಡಿಲು ಬಿಡಲಿಲ್ಲ. ಮಾದಾವರದ ಟೋಲ್ ದಾಟಿ ರಸ್ತೆ ತೆರೆದುಕೊಂಡಾಗ ಅವರ ಕಣ್ಣು ಹೊರಗಿನ ತೋಟಗಳನ್ನು ಬಿಟ್ಟು ನನ್ನ ಎಡಗೈ ಮೇಲೆ ಬಿತ್ತು.

“ಈಗ ಎಷ್ಟನೇದು?”

“ಐದು, ಅಮ್ಮ.”

“ಇನ್ನೂ ಇದೆಯಾ?”

“ಇನ್ನೊಂದಿದೆ.”

“ಹಾಕು ಮತ್ತೆ.”