ಫೋಟೋದಲ್ಲಿ ಕುದುರೆ ಕುಂಟುವುದಿಲ್ಲ



ಫೋಟೋದಲ್ಲಿರುವ ಕುದುರೆ ಕುಂಟುವುದಿಲ್ಲ, ಕೆಮ್ಮುವುದಿಲ್ಲ, ಒದೆಯುವುದಿಲ್ಲ. ಅದಕ್ಕೆ ವಯಸ್ಸೂ ಆಗುವುದಿಲ್ಲ. ನಮ್ಮ ಯುವ ಬಳಗದವರು ಕೆಲವು ತಿಂಗಳು ಕುದುರೆ ಮಾರಾಟದ ಫೋಟೋಗಳನ್ನು ನೋಡಿ ನೋಡಿ ಕಲಿತ ಮೊದಲ ಪಾಠ ಇದು.

ತಾಳವಾಡಿಯ ಹುಡುಗರಿಗೆ ಕುದುರೆ ಯಾಕಪ್ಪಾ ಎನ್ನಬೇಡಿ. ನಮ್ಮ ಧರ್ಮಕೇಂದ್ರದ ಒಬ್ಬ ಅಣ್ಣನ ಮನೆ ನಡೆಯುವುದೇ ಕುದುರೆಯಿಂದ. ಮದುವೆ ಮೆರವಣಿಗೆ, ಹಬ್ಬದ ದಿನಗಳಲ್ಲಿ ಮಕ್ಕಳ ಸವಾರಿ, ಇಷ್ಟೇ ಅವರ ದುಡಿಮೆ. ಹಳೆಯ ಹೆಣ್ಣು ಕುದುರೆಗೆ ಮೊದಲಿನ ಶಕ್ತಿ ಇಲ್ಲ. ಇನ್ನೊಂದನ್ನು ಕೊಳ್ಳಲು ಅವರ ಅಮ್ಮ ಚೀಟಿ ಎತ್ತಿ ಕೊಟ್ಟ ದುಡ್ಡು ಬಿಟ್ಟರೆ ಬೇರೆ ಇರಲಿಲ್ಲ. ಅದು ಹೋದರೆ ಹೋಯಿತು.

ನಮ್ಮ ಈರೋಡು ಜಿಲ್ಲೆಯಲ್ಲೇ ಅಂತಿಯೂರಿನ ಗುರುನಾಥಸ್ವಾಮಿ ಜಾತ್ರೆ ಇದೆ. ಆಡಿ ತಿಂಗಳಲ್ಲಿ ನಡೆಯುವ ಅಲ್ಲಿನ ಸಂತೆಗೆ ಮಾರ್ವಾರಿ, ಕಾಠಿಯಾವಾಡಿ ಕುದುರೆಗಳೂ ಬರುತ್ತವೆ. ಅಲ್ಲಿ ಹಲ್ಲು ನೋಡಬಹುದು, ಕಾಲು ಹಿಡಿದು ನೋಡಬಹುದು, ಓಡಿಸಿ ನೋಡಬಹುದು. ಆದರೆ ಜಾತ್ರೆ ವರ್ಷಕ್ಕೆ ಒಂದೇ ಸಲ. ಉಳಿದ ತಿಂಗಳುಗಳಲ್ಲಿ ಕುದುರೆ ಬರುವುದು ವಾಟ್ಸಾಪಿನಲ್ಲಿ.

ಹಾಗೆ ಬಂದ ಫೋಟೋಗಳನ್ನು ಅಣ್ಣ ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ನಮಗೆ ತೋರಿಸುತ್ತಿದ್ದರು. ಒಂದು ಕಾಲದಲ್ಲಿ ಮೈಸೂರಿನಲ್ಲಿ ಟಾಂಗಾ ಓಡಿಸಿದ್ದ ನಮ್ಮೂರ ಅಜ್ಜ ಒಬ್ಬರು ಜೊತೆಗೆ ಕೂರುತ್ತಿದ್ದರು. ಅವರು ಕುದುರೆಗಿಂತ ಮೊದಲು ಅದರ ಸುತ್ತಮುತ್ತ ನೋಡುತ್ತಿದ್ದರು.

"ಹುಲ್ಲಲ್ಲಿ ಯಾಕೆ ನಿಲ್ಲಿಸವ್ನೆ? ಗೊರಸು ಕಾಣಬಾರ್ದು ಅಂತ" ಎನ್ನುವರು. ಗೊರಸು ಸೀಳಿದ್ದರೂ ಲಾಳ ಸರಿಯಿಲ್ಲದಿದ್ದರೂ ಹುಲ್ಲು ಮುಚ್ಚಿಬಿಡುತ್ತದೆ. ಬೆನ್ನ ಮೇಲೆ ಜರಿಯ ಬಟ್ಟೆ, ಜೀನು ಹಾಕಿದ್ದರೆ ಬೆನ್ನು ಬಾಗಿರುವುದು ಗೊತ್ತಾಗುವುದಿಲ್ಲ. ಜೀನು ಒತ್ತಿ ಗಾಯವಾಗಿ ಮಾಯ್ದ ಜಾಗದಲ್ಲಿ ಬಿಳಿ ಕೂದಲು ಬರುತ್ತದೆ, ಅದೂ ಬಟ್ಟೆಯ ಕೆಳಗೆ ಅಡಗುತ್ತದೆ. ಕೆಳಗೆ ಕೂತು ಫೋಟೋ ತೆಗೆದರೆ ಕುದುರೆ ಎತ್ತರ ಕಾಣುತ್ತದೆ. ಪಕ್ಕದಲ್ಲಿ ಹತ್ತು ವರ್ಷದ ಹುಡುಗನನ್ನು ನಿಲ್ಲಿಸಿದರೆ ಇನ್ನೂ ಎತ್ತರ. ಕುದುರೆಯ ಎತ್ತರ ಅಳೆಯುವುದು ತಲೆಯವರೆಗಲ್ಲ, ಕುತ್ತಿಗೆಯೂ ಬೆನ್ನೂ ಸೇರುವ ಹೆಗಲ ಉಬ್ಬಿನವರೆಗೆ. ಲಗಾಮು ಎಳೆದು ತಲೆ ಎತ್ತಿಸಿದ ಫೋಟೋ ನೋಡಿ ಮರುಳಾಗುವವರು ಇದನ್ನು ಮರೆಯುತ್ತಾರೆ.

ಸುಳಿಯ ಫೋಟೋವನ್ನು ಮಾತ್ರ ದಲ್ಲಾಳಿಗಳು ಕೇಳದಿದ್ದರೂ ಕಳಿಸುತ್ತಾರೆ. ಹಣೆಯ ಸುಳಿ ಒಳ್ಳೆಯದು, ಇಂಥ ಕಡೆ ಇದ್ದರೆ ಯಜಮಾನನಿಗೆ ಕೇಡು ಎಂದು ನಂಬುವ ಜನ ಬಹಳ. ಸುಳಿ ನೋಡುತ್ತಾ ಕೂತವರು ಕಾಲು ನೋಡುವುದನ್ನೇ ಬಿಡುತ್ತಾರೆ. ಭಾರ ಹೊರುವುದು ಸುಳಿಯಲ್ಲ, ನಾಲ್ಕು ಕಾಲು.

ಒಂದು ಫೋಟೋ ಎಲ್ಲರಿಗೂ ಹಿಡಿಸಿತ್ತು. ಬೂದು ಮೈ, ಮೇಲೆಲ್ಲಾ ಬೊಟ್ಟು ಬೊಟ್ಟು, ಕಪ್ಪು ಮೂತಿ. ವಯಸ್ಸು 6, ಎತ್ತರ 62 ಇಂಚು, ಬೇರೆ ಗಿರಾಕಿ ಕಾಯುತ್ತಿದ್ದಾರೆ, ಇವತ್ತೇ ಅಡ್ವಾನ್ಸ್ ಹಾಕಿ ಎಂದು ಮೆಸೇಜು. ಅಣ್ಣ ಮೊದಲು ವಿಡಿಯೋ ಕೇಳಿದರು. ಬಂದ ವಿಡಿಯೋದಲ್ಲಿ ಕುದುರೆ ಹಾಲಿನಂತೆ ಬಿಳಿ! ಅಜ್ಜ ನಕ್ಕುಬಿಟ್ಟರು. ಬೂದು ಕುದುರೆ ಹುಟ್ಟುವಾಗ ಕಡು ಬಣ್ಣದಲ್ಲಿದ್ದು ವರ್ಷ ವರ್ಷ ಬೆಳ್ಳಗಾಗುತ್ತಾ ಹೋಗುತ್ತದೆ, ಚರ್ಮ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಕುದುರೆ ಅದೇ ಇರಬಹುದು, ಫೋಟೋ ಮಾತ್ರ ಎಷ್ಟೋ ವರ್ಷ ಹಳೆಯದು. ಅಣ್ಣ ಅಡ್ವಾನ್ಸ್ ಹಾಕಲಿಲ್ಲ.

ಕೊನೆಗೆ ಅವರು ಕೊಂಡ ಕುದುರೆಯ ಫೋಟೋ ನೋಡಿದ್ದರೆ ನೀವು ನಗುತ್ತಿದ್ದಿರಿ. ಟ್ರ್ಯಾಕ್ಟರ್ ಹಿಂದೆ ಅರ್ಧ ಮರೆಯಾಗಿ ನಿಂತ ಕಂದು ಕುದುರೆ, ಅದೂ ಮಸುಕು ಮಸುಕು. ಆದರೆ ಕೇಳಿದ್ದಕ್ಕೆಲ್ಲಾ ಯಜಮಾನ ನೇರ ಉತ್ತರ ಕೊಟ್ಟರು. ನಮ್ಮಲ್ಲಿ ಇಬ್ಬರು ಅಣ್ಣನ ಜೊತೆ ದಿಂಬಂ ಘಾಟಿಯ 27 ತಿರುವು ಇಳಿದು ಹೋಗಿ ನೋಡಿದೆವು. ಟೇಪು ಹಿಡಿದರೆ ಹೇಳಿದಷ್ಟೇ ಎತ್ತರ. ಗಟ್ಟಿ ನೆಲದ ಮೇಲೆ ಸಣ್ಣಗೆ ಓಡಿಸಿದಾಗ ತಲೆ ಅಲುಗಲಿಲ್ಲ. ಮುಂಗಾಲು ನೋಯುವ ಕುದುರೆ ಆ ಕಾಲು ಊರುವಾಗ ತಲೆ ಮೇಲೆತ್ತುತ್ತದೆ. ಪಶುವೈದ್ಯರು ಹಲ್ಲು, ಕಣ್ಣು, ಉಸಿರು ನೋಡಿದರು. ಗ್ಲ್ಯಾಂಡರ್ಸ್ ರೋಗಕ್ಕೆ ರಕ್ತ ಪರೀಕ್ಷೆಯೂ ಆಯಿತು. ಅದು ಕುದುರೆಯಿಂದ ಮನುಷ್ಯರಿಗೂ ಹರಡುವ ರೋಗ. ಫೋಟೋದಲ್ಲಿ ಇದು ಯಾವುದೂ ಕಾಣುವುದಿಲ್ಲ.

ಬರುವ ದಾರಿಯಲ್ಲಿ ನಮಗೆ ಜೆಸ್ಸೆಯ ಮನೆಗೆ ಹೋದ ಸಮುವೇಲ ನೆನಪಾದ. ಎತ್ತರದ, ಚೆಲುವಾದ ಮಕ್ಕಳೆಲ್ಲ ಅವನ ಮುಂದೆ ಹಾದುಹೋದರು. ಆರಿಸಲ್ಪಟ್ಟವನು ಸಾಲಿಗೇ ಕರೆಯದೆ ಕುರಿ ಕಾಯಲು ಬಿಟ್ಟಿದ್ದ ಕಿರಿಯವನು.

ಇಷ್ಟಕ್ಕೆ ಮುಗಿದಿದ್ದರೆ ನಾವು ಜಾಣರು ಎಂದು ಬೀಗಬಹುದಿತ್ತು. ನಿಜವಾದ ಪರೀಕ್ಷೆ ಆಮೇಲೆ ಬಂತು. ಎರಡು ಕುದುರೆ ಸಾಕುವ ಶಕ್ತಿ ಅಣ್ಣನಿಗಿಲ್ಲ. ಹಳೆಯದನ್ನು ಮಾರಬೇಕು, ಒಳ್ಳೆಯ ಫೋಟೋ ತೆಗೆದುಕೊಡಿ ಎಂದರು. ಅದರ ಬಲ ಮುಂಗಾಲಿಗೆ ಹಳೆಯ ಉಳುಕು. ನಿಂತಲ್ಲಿ ಆ ಕಾಲನ್ನು ಮುಂದಕ್ಕೆ ಚಾಚಿಕೊಂಡೇ ಇರುತ್ತದೆ. ಬೆನ್ನ ಮೇಲೆ ಬಿಳಿ ಕೂದಲ ಮಚ್ಚೆ ಎರಡು. ಈಗ ಮುಚ್ಚಿಡುವ ಉಪಾಯಗಳೆಲ್ಲಾ ನಮಗೆ ಗೊತ್ತಿದ್ದವು. ಚರ್ಚಿನ ಹಿಂದೆ ಮೊಣಕಾಲುದ್ದ ಹುಲ್ಲೂ ಇತ್ತು.

ನಮ್ಮೊಳಗೆ ಜೋರು ಮಾತಾಯಿತು. "ಎಲ್ಲರೂ ಮಾಡೋದೇ ತಾನೆ? ಸುಳ್ಳು ಹೇಳ್ತಿಲ್ವಲ್ಲ, ಹುಲ್ಲಲ್ಲಿ ನಿಲ್ಲಿಸ್ತೀವಿ ಅಷ್ಟೇ" ಎಂದ ಒಬ್ಬ. ಅಣ್ಣನ ಮನೆಯ ಕಷ್ಟ ನೋಡಿದವರಿಗೆ ಆ ಮಾತು ತಪ್ಪೆನ್ನಲು ಬಾಯಿ ಬರುತ್ತಿರಲಿಲ್ಲ. ಆಗ ಬಳಗದ ಅಕ್ಕ ಒಬ್ಬರು ಕೇಳಿದರು: "ಕೊಳ್ಳೋರ ಮನೇಲೂ ಒಬ್ಬ ಅಮ್ಮ ಚೀಟಿ ಎತ್ತಿರಲ್ವಾ?" ಅದಕ್ಕೆ ಯಾರ ಬಳಿಯೂ ಉತ್ತರ ಇರಲಿಲ್ಲ. ಜ್ಞಾನೋಕ್ತಿಗಳ ಪುಸ್ತಕದಲ್ಲಿ ಒಬ್ಬ ಗಿರಾಕಿ ಬರುತ್ತಾನೆ, ಚೌಕಾಸಿ ಮಾಡುವಾಗ ಸರಕನ್ನು ಹಳಿದು ಆಮೇಲೆ ಹೊರಗೆ ಹೋಗಿ ಜಂಬ ಕೊಚ್ಚುವವನು. ಸಂತೆಯ ಮೋಸ ಹೊಸದೇನಲ್ಲ, ಕೊಳ್ಳುವವನಲ್ಲೂ ಇದೆ, ಮಾರುವವನಲ್ಲೂ ಇದೆ.

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, ಜೀನು ತಾವೇ ಬಿಚ್ಚಿದರು. ಸಿಮೆಂಟು ಅಂಗಳದಲ್ಲಿ ನಿಲ್ಲಿಸಿ ನಾಲ್ಕೂ ಕಾಲು ಕಾಣುವಂತೆ ತೆಗೆದೆವು. ಬಿಳಿ ಮಚ್ಚೆಗಳನ್ನು ಹತ್ತಿರದಿಂದ ತೆಗೆದೆವು. ತಲೆ ಎತ್ತಿ ಎತ್ತಿ ಓಡುವ ವಿಡಿಯೋವನ್ನೂ ಹಾಕಿದೆವು.

ಫೋನು ಕಡಿಮೆ ಬಂತು. ವಾರಗಟ್ಟಲೆ ಕಾದ ಮೇಲೆ ತೋಟದ ಮನೆಯವರೊಬ್ಬರು ಬಂದು, ಭಾರ ಹೊರಿಸುವುದಿಲ್ಲ, ಮಕ್ಕಳಿಗೆ ಪ್ರೀತಿ ಎಂದು ಹೇಳಿ ಕೊಂಡುಹೋದರು. ಅಣ್ಣ ಎಣಿಸಿದ್ದಕ್ಕಿಂತ ಬೆಲೆ ಬಹಳ ಕಡಿಮೆ. "ಸತ್ಯ ನಿಮ್ದು, ನಷ್ಟ ನಮ್ದು" ಎಂದು ಅಮ್ಮ ಗೊಣಗಿದರು. ಅವರ ಮಾತು ಸುಳ್ಳಲ್ಲ. ಅದಕ್ಕೇ ಆ ತಿಂಗಳು ಬಳಗದ ಪಿಕ್‌ನಿಕ್ ಬಿಟ್ಟು, ಆ ದುಡ್ಡನ್ನು ಹೊಸ ಕುದುರೆಯ ಮೇವಿಗೆ ಕೊಟ್ಟೆವು. ಸತ್ಯ ಹೇಳು ಎಂದವರು ಅದರ ಖರ್ಚಿನಲ್ಲೂ ಸ್ವಲ್ಪ ಹೊರಬೇಕಲ್ಲವೇ?

ಬರುವ ಆಡಿಗೆ ಅಂತಿಯೂರಿಗೆ ಹೋಗುವವರಿದ್ದರೆ ಜೇಬಲ್ಲಿ ಟೇಪು ಇರಲಿ, ಜೊತೆಗೆ ಕುದುರೆ ಬಲ್ಲ ಒಬ್ಬ ಹಿರಿಯರಿರಲಿ. ನೋಡುವ ಮೊದಲು ದುಡ್ಡು ಹಾಕಬೇಡಿ. ನೀವೇ ಏನಾದರೂ ಮಾರುವ ದಿನ ಬಂದರೆ, ಹಸುವೋ ಬೈಕೋ ಹಳೆಯ ಫೋನೋ, ಗೀರು ಬಿದ್ದ ಬದಿಯ ಫೋಟೋವನ್ನೇ ಮೊದಲು ಹಾಕಿ.

– ಯುವ ಬಳಗದ ಗೆಳೆಯರು