ಭಾಷಾಶಾಸ್ತ್ರದ ಪದವಿಗೆ ಬೇಕಾದುದೇನು?

ಮಕ್ಕಳನ್ನು ಏನು ಓದಿಸಬೇಕೆಂಬ ವಿಚಾರ ಬಂದಾಗ ನಮ್ಮ ಸಂಸಾರಗಳಲ್ಲಿ ಕೆಲವು ವಿದ್ಯೆಗಳ ಪರವಾಗಿ ಯಾರೂ ವಾದಿಸಬೇಕಾಗುವುದಿಲ್ಲ. ವೈದ್ಯನು ರೋಗವನ್ನು ನೋಡುತ್ತಾನೆ, ಇಂಜಿನಿಯರನು ಸೇತುವೆಯನ್ನು ಕಟ್ಟುತ್ತಾನೆ, ವಕೀಲನು ನ್ಯಾಯಾಲಯದಲ್ಲಿ ನಿಲ್ಲುತ್ತಾನೆ. ಭಾಷಾಶಾಸ್ತ್ರವನ್ನು ಓದಿದವನು ಏನು ಮಾಡುತ್ತಾನೆ? ತೆರಕಣಾಂಬಿಯ ನಮ್ಮ ಮನೆಯಲ್ಲಿ ಈ ಪ್ರಶ್ನೆ ಹುಟ್ಟಿದುದು ನನ್ನ ಅಣ್ಣನ ಮಗಳಿಂದ. ಬಿ.ಎ. ಮುಗಿಸಿದ ಆಕೆ, ಮುಂದೆ ಮೈಸೂರಿಗೆ ಹೋಗಿ ಇದನ್ನೇ ಓದುವೆನೆಂದಳು. ಅಣ್ಣನು ಬಾಳೆ ಅರಿಸಿನಗಳನ್ನು ಬೆಳೆಯುವವನು. “ಮಾತು ತಾಯಿಯ ಮಡಿಲಲ್ಲಿ ಬಿಟ್ಟಿಯಾಗಿ ಬರುವ ವಿದ್ಯೆ, ಅದಕ್ಕೆ ಎರಡು ವರ್ಷದ ಶುಲ್ಕವೆ?” ಎಂದನು. ವಿಚಾರಿಸಿಕೊಂಡು ಬರುವ ಹೊಣೆ ನನ್ನ ಮೇಲೆ ಬಿದ್ದಿತು. ತಿಳಿದುಬಂದುದು ಇತರ ಮನೆಗಳಿಗೂ ಉಪಯುಕ್ತವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಅಚ್ಚಾಗಿರುವ ನಿಯಮಗಳು ಕಠಿನವಾದುವಲ್ಲ. ಮೊದಲು ಒಂದು ಪದವಿಯಾಗಬೇಕು. ಕರ್ನಾಟಕದಲ್ಲಿ 2021ರಲ್ಲಿ ಇದಕ್ಕೆ ನಾಲ್ಕು ವರ್ಷದ ಕ್ರಮ ಬಂದಿತ್ತು. 2024ರಲ್ಲಿ ಮರಳಿ ಮೂರು ವರ್ಷವಾಯಿತು. ಅನಂತರ ಎರಡು ವರ್ಷದ ಎಂ.ಎ. ಇಲ್ಲಿ ದಾರಿ ಕವಲೊಡೆಯುತ್ತದೆ. ಕನ್ನಡ ಎಂ.ಎ. ತೆಗೆದುಕೊಂಡವರಿಗೆ ಕಾವ್ಯ, ಛಂದಸ್ಸು, ಕಾವ್ಯಮೀಮಾಂಸೆ, ವ್ಯಾಕರಣ, ಶಾಸನ ಇವುಗಳೊಡನೆ ಭಾಷಾಶಾಸ್ತ್ರವೂ ಒಂದು ಭಾಗ. ಭಾಷಾಶಾಸ್ತ್ರದ್ದೇ ಆದ ಎಂ.ಎ. ಬೇರೆ, ಅದು ಮೈಸೂರಿನಲ್ಲಿಯೂ ಧಾರವಾಡದಲ್ಲಿಯೂ ಉಂಟು. ಬಾಯಲ್ಲಿ ಧ್ವನಿ ಹುಟ್ಟುವ ಬಗೆ, ಪದಗಳ ರಚನೆ, ವಾಕ್ಯಗಳ ಕಟ್ಟು, ಅರ್ಥವಿಚಾರ, ಸೋದರಭಾಷೆಗಳ ಹೋಲಿಕೆ, ಇವೇ ಅಲ್ಲಿಯ ಪಾಠಗಳು. ಇವುಗಳೊಡನೆ, ಬರೆಹವನ್ನೇ ಕಾಣದ ಮಾತನ್ನು ಆಡುವವರ ಬಾಯಿಂದ ಕೇಳಿ ಬರೆದುಕೊಳ್ಳುವ ಅಭ್ಯಾಸವೂ ಸೇರಿದೆ. ಮಾತಿನ ದೋಷಗಳಿಗೆ ಚಿಕಿತ್ಸೆ ಮಾಡುವ ವಿದ್ಯೆಯನ್ನು ಇದರೊಡನೆ ಬೆರೆಸಬಾರದು. ಅದನ್ನು ಕಲಿಸುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಮೈಸೂರಿನಲ್ಲಿಯೇ ಇರುವುದರಿಂದ ಅನೇಕರು ಹೀಗೆ ಭ್ರಮಿಸುತ್ತಾರೆ.

ಮೈಸೂರಿಗೂ ಈ ವಿದ್ಯೆಗೂ ಹಳೆಯ ನಂಟು. ವಿಶ್ವವಿದ್ಯಾನಿಲಯ ಸ್ಥಾಪಿತವಾದುದು 1916ರಲ್ಲಿ, ಕನ್ನಡ ಎಂ.ಎ. ತರಗತಿ ಆರಂಭವಾದುದು 1927ರಲ್ಲಿ. ಕುವೆಂಪು ಅವರು ಆ ಪದವಿಯನ್ನು ಪಡೆದುದು 1929ರಲ್ಲಿ. ಕನ್ನಡದ ಅತಿ ಪ್ರಾಚೀನ ಶಾಸನಗಳ ವ್ಯಾಕರಣವನ್ನು ಕುರಿತ ಎ. ಎನ್. ನರಸಿಂಹಯ್ಯನವರ ಗ್ರಂಥವನ್ನು ಈ ವಿಶ್ವವಿದ್ಯಾನಿಲಯವೇ 1941ರಲ್ಲಿ ಪ್ರಕಟಿಸಿತು. 1969ರಲ್ಲಿ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯೂ ಅಲ್ಲಿಯೇ ನೆಲೆಗೊಂಡಿತು.

ಇಷ್ಟನ್ನು ಹೇಳಿದರೂ ಅಣ್ಣನಿಗೆ ಸಮಾಧಾನವಾಗಲಿಲ್ಲ. ಮಗಳಿಗೆ ಈ ಹುಚ್ಚು ಹಿಡಿದುದೇಕೆಂಬುದೇ ಅವನಿಗೆ ತಿಳಿಯದು. ಕಾರಣ ನನಗೆ ಗೊತ್ತಿದ್ದಿತು. ಅವಳು ಕಾಲೇಜಿಗೆ ಸೇರಿದ ಮೊದಲ ವರ್ಷ, ಪಾಠ ಓದುವಾಗ ಹಾಲು ಎನ್ನುವುದನ್ನು ‘ಆಲು’ ಎಂದಳಂತೆ. ಅಧ್ಯಾಪಕರೊಬ್ಬರು ಅದನ್ನು ಅಣಕಿಸಿದರು, ತರಗತಿ ನಕ್ಕಿತು. ಅಂದಿನಿಂದ ಆಕೆ ತನ್ನ ನಾಲಗೆಯನ್ನು ತಿದ್ದಿಕೊಂಡುದಲ್ಲದೆ ಮನೆಯವರೆಲ್ಲರ ನಾಲಗೆಯನ್ನೂ ತಿದ್ದತೊಡಗಿದಳು. ನಮ್ಮ ತಾಯಿ ಎಂಬತ್ತು ದಾಟಿದವರು. ‘ಅಂಗೆ’ ಎಂದರೆ ‘ಹಾಗೆ’ ಎನ್ನಬೇಕು. ‘ಕೂಳು’ ಎಂದರೆ ಅಸಹ್ಯ, ‘ಅನ್ನ’ ಎನ್ನಬೇಕು. ಚಿಕ್ಕ ಮಕ್ಕಳೂ ಅಕ್ಕನನ್ನು ನೋಡಿ ಅಜ್ಜಿಯನ್ನು ತಿದ್ದಿದರು. ವೃದ್ಧೆ ಒಂದು ದಿನವೂ ಮುನಿಯಲಿಲ್ಲ. ಆದರೆ ಮೊಮ್ಮಕ್ಕಳ ಮುಂದೆ ಮಾತನಾಡುವುದನ್ನು ಕಡಮೆ ಮಾಡಿಬಿಟ್ಟರು. ಸಂಜೆಯ ಕಥೆಗಳು ನಿಂತವು.

ಮೂರನೆಯ ವರ್ಷ ಹಳಗನ್ನಡದ ಪಾಠ ಬಂದಿತು. ಹಳಗನ್ನಡದ ‘ಪಾಲು’ ನಡುಗನ್ನಡದ ಕಾಲಕ್ಕೆ ‘ಹಾಲು’ ಆಯಿತೆಂದು ಆಕೆ ಓದಿದಳು. ಪಕಾರವು ಹಕಾರವಾಗಿ ಸಡಿಲಿದುದನ್ನು ವ್ಯಾಕರಣ ದೋಷವೆನ್ನುವುದಿಲ್ಲ. ಆ ಹಕಾರವೂ ನಮ್ಮ ಸೀಮೆಯಲ್ಲಿ ಸಡಿಲಿದರೆ ಮಾತ್ರ ದೋಷವೆ? ಪಾಲು, ಹಾಲು, ಆಲು, ಇವು ಒಂದೇ ದಾರಿಯ ಮೂರು ಮೆಟ್ಟಿಲುಗಳು. ಇನ್ನು ಅಜ್ಜಿಯ ‘ಅಂಗೆ’ ಎಂಬುದನ್ನು ನೋಡಿರಿ. ವಚನಗಳಲ್ಲಿ ಕಾಣುವ ರೂಪ ‘ಹಾಂಗೆ’. ಪುಸ್ತಕದ ‘ಹಾಗೆ’ ಕಳೆದುಕೊಂಡ ಅನುಸ್ವಾರವನ್ನು ಅಜ್ಜಿಯ ಬಾಯಿ ಕಾಪಾಡಿಕೊಂಡು ಬಂದಿದೆ. ‘ಕೂಳು’ ಹಳಗನ್ನಡದ ‘ಕೂೞ್’. ಅದಕ್ಕೆ ಅನ್ನವೆಂದೇ ಅರ್ಥ, ನಿಂದೆಯ ಸೋಂಕು ಆಮೇಲೆ ಅಂಟಿದುದು. ಇದನ್ನು ಓದಿದ ದಿನ ಹುಡುಗಿ ಊಟ ಮಾಡದೆ ಮಲಗಿದಳು. ಭಾಷಾಶಾಸ್ತ್ರವನ್ನೇ ಓದುವೆನೆಂಬ ಹಟ ಹುಟ್ಟಿದುದು ಅಲ್ಲಿಂದ.

ಅಣ್ಣನಿಗೆ ನಾನು ಇದನ್ನು ತಿಳಿಸಿದುದು ಮನೆಯಲ್ಲಲ್ಲ, ನಮ್ಮೂರ ತರಕಾರಿ ಮಾರುಕಟ್ಟೆಯಲ್ಲಿ. ಗುಂಡ್ಲುಪೇಟೆಯಿಂದ ಒಂದು ದಾರಿ ವಯನಾಡಿಗೆ ಇಳಿದರೆ ಇನ್ನೊಂದು ನೀಲಗಿರಿಗೆ ಏರುತ್ತದೆ. ಆದುದರಿಂದ ಇಲ್ಲಿ ಮಲಯಾಳವೂ ತಮಿಳೂ ಕಿವಿಗೆ ಬೀಳುವುದು ವಿಶೇಷವಲ್ಲ. ಹಾಲಿಗೆ ಆ ಇಬ್ಬರೂ ಇಂದಿಗೂ ‘ಪಾಲ್’ ಎನ್ನುತ್ತಾರೆ. ಬಾಳೆಗೆ ಮಲಯಾಳಿಯು ‘ವಾೞ’ ಎನ್ನುವಾಗ ನಾಲಗೆಯನ್ನು ಹಿಂದಕ್ಕೆ ಮಡಿಸಿ ನುಡಿಯುವ ಆ ಅಕ್ಷರವನ್ನು ಕೇಳು ಎಂದು ಅಣ್ಣನಿಗೆ ಹೇಳಿದೆ. ಹಳಗನ್ನಡದ ‘ಬಾೞೆ’ಯಲ್ಲಿದ್ದುದು ಅದೇ ಅಕ್ಷರ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅದರ ವಿಚಾರವನ್ನು ವಿಸ್ತಾರವಾಗಿ ಮಾಡಬೇಕಾಯಿತು. ಕನ್ನಡದ ನಾಲಗೆ ಮರೆತ ಧ್ವನಿಯನ್ನು ಅಣ್ಣನು ಮೂವತ್ತು ವರ್ಷದಿಂದ ಬಾಳೆಗೊನೆ ಮಾರುತ್ತ ಕೇಳುತ್ತಲೇ ಇದ್ದಾನೆ. ಈ ಬಗೆಯ ಹೋಲಿಕೆಗಳ ಮೇಲೆಯೇ 1856ರಲ್ಲಿ ಕಾಲ್ಡ್‌ವೆಲ್ಲನು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಬರೆದನು. ಅಣ್ಣನು ಆ ದಿನ ಎರಡು ಮೂರು ಸಲ ‘ವಾೞ’ ಎಂದು ನುಡಿದು ನೋಡಿದನು.

ನಮ್ಮೂರಿನ ಹೆಸರೇ ಪರೀಕ್ಷೆಯಲ್ಲಿ ಕೇಳಬಹುದಾದ ಪ್ರಶ್ನೆ. ಪುರಾಣ ಬಲ್ಲವರು ಇದನ್ನು ತ್ರಿಕದಂಬಪುರವೆನ್ನುತ್ತಾರೆ. ತ್ರಿಕದಂಬವು ಜನರ ಬಾಯಲ್ಲಿ ತೆರಕಣಾಂಬಿಯಾಯಿತೆ, ತೆರಕಣಾಂಬಿಯೇ ಪಂಡಿತರ ಲೇಖನಿಯಲ್ಲಿ ತ್ರಿಕದಂಬವಾಯಿತೆ? ಇದನ್ನು ಭಕ್ತಿಯಿಂದ ನಿರ್ಣಯಿಸಲಾಗದು. ಕಾಲಕ್ರಮವಾಗಿ ಶಾಸನಗಳ ಅಕ್ಷರಗಳನ್ನು ನೋಡಬೇಕು. ಗುಂಡ್ಲುಪೇಟೆ ತಾಲ್ಲೂಕಿನ ಶಾಸನಗಳನ್ನು ಬಿ. ಎಲ್. ರೈಸರು 1898ರಲ್ಲಿಯೇ ಅಚ್ಚು ಹಾಕಿಸಿದ್ದಾರೆ. ಪರಿಷ್ಕೃತ ಸಂಪುಟ 1974ರಲ್ಲಿ ಬಂದಿದೆ. ಕಲ್ಲು ಹೇಳುವುದು ಅರಸರ ದಾನವನ್ನು. ಜನರ ಮಾತನ್ನು ಹೇಳಲು ಜನರೇ ಬೇಕು. ನೆರೆಯ ನಂಜನಗೂಡಿನ ಆಡುಮಾತಿಗೆ ಆ ಭಾಗ್ಯ ದೊರೆತಿದೆ. ಯು. ಪಿ. ಉಪಾಧ್ಯಾಯರು ಅದನ್ನು ಅಭ್ಯಾಸ ಮಾಡಿ ಬರೆದ ‘ನಂಜನಗೂಡು ಕನ್ನಡ’ವನ್ನು ಪುಣೆಯ ಡೆಕ್ಕನ್ ಕಾಲೇಜು 1968ರಲ್ಲಿ ಪ್ರಕಟಿಸಿತು. ನಮ್ಮ ಮನೆಯಲ್ಲಿ ಅಸಭ್ಯವೆಂದು ತಿದ್ದಿಸಿಕೊಂಡ ರೂಪಗಳಂಥವೇ ಅಲ್ಲಿ ಶಾಸ್ತ್ರದ ವಿಷಯವಾದುವು.

ಸಂಪಾದನೆಯ ಮಾತನ್ನು ಮುಚ್ಚಿಡಬಾರದು. ಈ ಪದವಿಯಿಂದ ಕೂಡಲೆ ಕೆಲಸ ಸಿಕ್ಕುವುದೆಂಬ ಭರವಸೆಯಿಲ್ಲ. ಕಾಲೇಜಿನಲ್ಲಿ ಕಲಿಸಬೇಕಾದರೆ ರಾಷ್ಟ್ರೀಯ ಅರ್ಹತಾ ಪರೀಕ್ಷೆಯೋ ರಾಜ್ಯದ ಅರ್ಹತಾ ಪರೀಕ್ಷೆಯೋ ಪಿಎಚ್.ಡಿ.ಯೋ ಬೇಕು, ಸ್ಥಾನಗಳು ಸ್ವಲ್ಪ. ನಿಘಂಟಿನ ಕೆಲಸ, ಅನುವಾದ, ಕಂಪ್ಯೂಟರಿಗೆ ಕನ್ನಡ ಕಲಿಸುವ ಕೆಲಸ, ಕಾಡಂಚಿನ ಸೋಲಿಗರ, ಜೇನುಕುರುಬರ ನುಡಿಗಳನ್ನು ದಾಖಲಿಸುವ ಕೆಲಸ ಇವೆಯಾದರೂ ಹುಡುಕಿಕೊಂಡು ಹೋಗಬೇಕು. ಇದನ್ನೆಲ್ಲ ಕೇಳಿದ ಮೇಲೆಯೂ ಅಣ್ಣನು ಒಪ್ಪಿದನು, ಜೊತೆಗೆ ಬಿ.ಎಡ್. ಕೂಡ ಮಾಡಬೇಕೆಂಬುದು ಅವನ ಷರತ್ತು. ಷರತ್ತು ನ್ಯಾಯವಾದುದೆಂದೇ ನನ್ನ ಅಭಿಪ್ರಾಯ.

ಈಗ ಹುಡುಗಿ ಸಂಜೆಯ ವೇಳೆ ಒಂದು ಪುಸ್ತಕ ಹಿಡಿದು ಅಜ್ಜಿಯ ಬಳಿ ಕೂರುತ್ತಾಳೆ. ಮೊದಲ ವಾರ ತಾಯಿಯವರು ‘ಹಾಲು’, ‘ಅನ್ನ’ ಎಂದು ಜಾಗರೂಕರಾಗಿ ಹೇಳಿದರು. ತಿದ್ದಿದ ಮಾತು ಬರುವಷ್ಟು ಬೇಗ ಹೋಗುವುದಿಲ್ಲ. ಮೊನ್ನೆ ರಾಗಿ ಬೀಸುತ್ತಿದ್ದ ದಿನಗಳ ನೆನಪು ಬಂದು, ಮೈಮರೆತು ಹಳೆಯ ರೀತಿಯಲ್ಲೇ ಮಾತನಾಡಿದರಂತೆ. ಆಕೆ ತಡೆಯದೆ ಬರೆದುಕೊಂಡಳು.

ಅರ್ಹತೆಯ ಪಟ್ಟಿಯಲ್ಲಿ ಅಂಕಗಳನ್ನು ಕೇಳುತ್ತಾರೆ, ಪ್ರಮಾಣಪತ್ರಗಳನ್ನು ಕೇಳುತ್ತಾರೆ. ತನ್ನ ಮನೆಯ ಮಾತಿಗೆ ನಾಚದಿರುವ ಗುಣವನ್ನು ಯಾರೂ ಕೇಳುವುದಿಲ್ಲ. ಅದಿಲ್ಲದವನಿಗೆ ಈ ವಿದ್ಯೆ ಹತ್ತುವುದೂ ಇಲ್ಲ. ಅದನ್ನು ವಿಶ್ವವಿದ್ಯಾನಿಲಯ ಕೊಡಲಾರದು. ಮಗುವು ಅಜ್ಜಿಯನ್ನು ಮೊದಲ ಸಲ ತಿದ್ದಿದಾಗ ಬಳಿಯಲ್ಲಿರುವ ಹಿರಿಯರು, “ಇದೂ ಕನ್ನಡವೇ, ಕೇಳಿಸಿಕೊ” ಎಂದರೆ ಸಾಕು.